ಕಾರನ್ನು ಲೀಸಿಗೆ ತಗೊಂಡರೆ ದುಡ್ಡು ವಾಪಸ್ ಬರುತ್ತಾ?

ಹಾಸನದಲ್ಲಿರುವ ನಮ್ಮ ಭಾವನಿಗೆ ಅವರ ಮಗ ಬೆಂಗಳೂರಿನಿಂದ ಫೋನ್ ಮಾಡಿ, ‘ಅಪ್ಪಾ, ಕಾರು ಲೀಸಿಗೆ ತಗೊಳ್ಳೋಣ ಅಂತಿದೀನಿ’ ಎಂದನಂತೆ. ಭಾವ ತಡಮಾಡದೆ ಕೇಳಿದ್ದು: ‘ಎಷ್ಟು ಲಕ್ಷ ಕೊಡ್ಬೇಕು? ಬಿಡುವಾಗ ಪೂರ್ತಿ ವಾಪಸ್ ಕೊಡ್ತಾರಾ?’

ಸೋದರಳಿಯ ನನ್ನ ಹತ್ತಿರ ಇದನ್ನು ಹೇಳಿಕೊಂಡು ನಕ್ಕ. ನನಗೇನೂ ಅದು ನಗುವ ಮಾತು ಅನ್ನಿಸಲಿಲ್ಲ. ನಮ್ಮ ಊರುಗಳಲ್ಲಿ ಲೀಸ್ ಅಂದರೆ ಭೋಗ್ಯ. ಮನೆ ಮಾಲೀಕನಿಗೆ ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಡುತ್ತೀರಿ, ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತೀರಿ, ಬಿಡುವ ದಿನ ಪೇಂಟಿಂಗ್ ಖರ್ಚು ಮುರಿದುಕೊಂಡು ಉಳಿದದ್ದನ್ನು ಎಣಿಸಿಕೊಂಡು ಬರುತ್ತೀರಿ. ನಿಮ್ಮ ದುಡ್ಡಿನ ಬಡ್ಡಿಯೇ ಅವನಿಗೆ ಬಾಡಿಗೆ. ಮನೆಗೆ ಇದು ಸರಿಹೋಗುತ್ತದೆ; ಮೂರು ವರ್ಷ ನೀವು ವಾಸ ಮಾಡಿದ್ದರಿಂದ ಮನೆಯ ಬೆಲೆ ಇಳಿಯುವುದಿಲ್ಲ. ಕಾರು ಹಾಗಲ್ಲ. ಶೋರೂಮಿನ ಗೇಟು ದಾಟಿದ ಕ್ಷಣದಿಂದ ಅದು ಬಿಸಿಲಿಗಿಟ್ಟ ಮಂಜುಗಡ್ಡೆ. ಹೀಗೆ ಕರಗುವ ವಸ್ತುವನ್ನು ಯಾರೂ ಭೋಗ್ಯಕ್ಕೆ ಕೊಡುವುದಿಲ್ಲ. ಕಾರಿನ ಲೀಸ್ ಎಂದರೆ ತಿಂಗಳ ಬಾಡಿಗೆ, ಅಷ್ಟೇ. ಕೊಟ್ಟದ್ದು ಹೋಯಿತು. ಡೆಪಾಸಿಟ್ ಅಂತ ಏನಾದರೂ ಇಟ್ಟಿದ್ದರೆ ಅದೊಂದು ವಾಪಸ್ ಬರುತ್ತದೆ, ಅದರಲ್ಲೂ ಗೀರು, ಡೆಂಟಿನ ಲೆಕ್ಕ ಕಳೆದು.

ಹಾಗಾದರೆ ಬಾಡಿಗೆ ಕಟ್ಟುವುದು ದಂಡ, ಕೊಂಡರೆ ಆಸ್ತಿ ಎಂದು ತೀರ್ಮಾನಿಸಿಬಿಡಬಹುದೇ? ಅದೂ ತಪ್ಪು. ಸ್ವಂತ ಕಾರೂ ಕರಗುತ್ತದೆ, ಆದರೆ ಆ ಕರಗುವಿಕೆಗೆ ಯಾರೂ ತಿಂಗಳು ತಿಂಗಳು ಬಿಲ್ ಕಳಿಸುವುದಿಲ್ಲ. ಮಾರುವ ದಿನ ಒಮ್ಮೆಗೇ ಗೊತ್ತಾಗುತ್ತದೆ. ಲೀಸಿನವನು ಅದೇ ನಷ್ಟವನ್ನು ಮೊದಲೇ ಅಂದಾಜು ಮಾಡಿ, ಅದಕ್ಕೆ ಬಡ್ಡಿ, ತನ್ನ ಲಾಭ, ತೆರಿಗೆ ಸೇರಿಸಿ ಕಂತು ಮಾಡಿ ಕೊಡುತ್ತಾನೆ. ಮಾರುವಾಗ ಕಾರಿಗೆ ಎಷ್ಟು ಬೆಲೆ ಬರುತ್ತದೆ ಎಂಬ ಚಿಂತೆ ಯಾರ ತಲೆ ಮೇಲಿರಬೇಕು ಎಂಬುದೇ ಈ ಎರಡರ ನಡುವಿನ ಮುಖ್ಯ ವ್ಯತ್ಯಾಸ. ಜೊತೆಗೆ ಇನ್ನೊಂದು ಪ್ರಶ್ನೆ ಇದೆ, ನನ್ನ ಮಟ್ಟಿಗೆ ಅದೇ ಮೊದಲನೆಯದು: ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ಅಳಿಯನನ್ನು ಕೂರಿಸಿಕೊಂಡು ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಅವನು ನೋಡಿದ್ದ ಕಾರಿನ ಎಕ್ಸ್‌ಶೋರೂಮ್ ಬೆಲೆ 12 ಲಕ್ಷ. ಕರ್ನಾಟಕದಲ್ಲಿ ಕಾರಿಗೆ ಆಜೀವ ತೆರಿಗೆ. ವರ್ಷ ವರ್ಷ ಕಟ್ಟುವ ಮಾತಿಲ್ಲ, ನೋಂದಣಿಯ ದಿನವೇ ಪೂರ್ತಿ. 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 12 ಲಕ್ಷದ ಕಾರಿಗೆ ಇದೊಂದೇ 2 ಲಕ್ಷದ 26 ಸಾವಿರ. ದೇಶದಲ್ಲೇ ಹೆಚ್ಚು ರಸ್ತೆ ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು. ವಿಮೆ ಸುಮಾರು 50 ಸಾವಿರ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು, ಹಾಗಾಗಿ ಮೊದಲ ವರ್ಷದ ಪಾಲಿಸಿ ದುಬಾರಿ ಕಾಣುತ್ತದೆ. 10 ಲಕ್ಷ ದಾಟಿದ ಕಾರಿಗೆ ಡೀಲರ್ ಶೇ 1 ಟಿಸಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಹಿಡಿಯುತ್ತಾನೆ, ಅದು 12 ಸಾವಿರ. ಇದು ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ. ಎಷ್ಟೋ ಜನ ಇದನ್ನು ಮರೆತೇಬಿಡುತ್ತಾರೆ. ಮ್ಯಾಟು, ಮಡ್‌ಫ್ಲಾಪು, ಫಾಸ್ಟ್ಯಾಗ್ ಎಲ್ಲ ಸೇರಿ ಆನ್‌ರೋಡ್ 15 ಲಕ್ಷ ಎಂದು ಬರೆದುಕೊಂಡೆವು.

5 ಲಕ್ಷ ಕೈಯಿಂದ, 10 ಲಕ್ಷ ಸಾಲ. ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು 20,758 ರೂಪಾಯಿ; ಒಟ್ಟು ಬಡ್ಡಿ 2 ಲಕ್ಷದ 45 ಸಾವಿರ. ‘ಏಳು ವರ್ಷ ಮಾಡ್ಕೊಳ್ಳಿ ಸಾರ್, ಕಂತು 16 ಸಾವಿರಕ್ಕೆ ಇಳಿಯುತ್ತೆ’ ಎಂದು ಶೋರೂಮಿನ ಹುಡುಗ ಹೇಳಿದ್ದನಂತೆ. ಇಳಿಯುವುದು ನಿಜ. ಬಡ್ಡಿ ಮಾತ್ರ ಮೂರೂವರೆ ಲಕ್ಷಕ್ಕೆ ಏರುತ್ತದೆ, ಅದನ್ನು ಅವನು ಹೇಳಿರಲಿಲ್ಲ. ಇನ್ನೊಂದು ಕೈಚಳಕವೂ ಇದೆ. ‘ಬರೀ 5 ಪರ್ಸೆಂಟ್ ಫ್ಲ್ಯಾಟ್’ ಎನ್ನುತ್ತಾರೆ. ಫ್ಲ್ಯಾಟ್ ಎಂದರೆ ನೀವು ತೀರಿಸಿದ ಅಸಲಿನ ಮೇಲೂ ಕೊನೆಯ ತಿಂಗಳವರೆಗೆ ಬಡ್ಡಿ. 10 ಲಕ್ಷಕ್ಕೆ ಐದು ವರ್ಷ ಶೇ 5 ಫ್ಲ್ಯಾಟ್ ಅಂದರೆ ಬಡ್ಡಿ ಎರಡೂವರೆ ಲಕ್ಷ. ಬ್ಯಾಂಕಿನ ಭಾಷೆಯಲ್ಲಿ ಅದು ಶೇ 9ಕ್ಕಿಂತ ತುಸು ಮೇಲೆಯೇ.

ಇನ್ನು ಮಾರುವ ಬೆಲೆ. ಇದನ್ನು ಯಾರೂ ಖಚಿತವಾಗಿ ಹೇಳಲಾರರು. ಆದರೆ ಅಳತೆಗೋಲು ಬೇಕೆಂದರೆ ವಿಮೆಯವರ ಸವಕಳಿ ಪಟ್ಟಿ ಇದೆ: ಎರಡರಿಂದ ಮೂರು ವರ್ಷದ ಕಾರಿಗೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50 ಕಳೆಯುತ್ತಾರೆ. ಅದೂ ಕಾರಿನ ಬೆಲೆಯ ಮೇಲೆ. ನೀವು ಕಟ್ಟಿದ ರಸ್ತೆ ತೆರಿಗೆ ಆ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯ ವರ್ಷದಿಂದ ವಿಮೆ, ಸರ್ವೀಸಿಗೆ ವರ್ಷಕ್ಕೆ 40 ಸಾವಿರ ಹಿಡಿದೆವು. ಪೆಟ್ರೋಲ್ ಬಿಟ್ಟುಬಿಟ್ಟೆವು, ಕಾರು ಯಾರದ್ದಾದರೂ ಪೆಟ್ರೋಲ್ ಅಷ್ಟೇ ಕುಡಿಯುತ್ತದೆ.

ಮೂರೇ ವರ್ಷಕ್ಕೆ ಮಾರಿದರೆ ಆ ಕಾರು ತಿಂಗಳಿಗೆ 26 ಸಾವಿರ ತಿಂದಿರುತ್ತದೆ. ನಾಲ್ಕು ವರ್ಷಕ್ಕೆ ಮಾರಿದರೆ 23,600. ಹತ್ತು ವರ್ಷ ಇಟ್ಟುಕೊಂಡು ಕೊನೆಗೆ ಎರಡೂವರೆ ಲಕ್ಷಕ್ಕೆ ಕೊಟ್ಟರೂ, ನಡುವೆ ಟೈರು, ಬ್ಯಾಟರಿ ಹಾಕಿಸಿದರೂ, ತಿಂಗಳಿಗೆ 16 ಸಾವಿರ ದಾಟುವುದಿಲ್ಲ.

ಕಾರು ಅದೇ, ಓಡಿಸುವ ಮನುಷ್ಯನೂ ಅವನೇ. ತಿಂಗಳಿಗೆ 10 ಸಾವಿರದ ಅಂತರ ಬಂದದ್ದು ಬರೀ ವರ್ಷಗಳಿಂದ. ಇದರಲ್ಲಿ ಆಜೀವ ತೆರಿಗೆಯ ಪಾತ್ರ ದೊಡ್ಡದು. ಸರ್ಕಾರ ತೆರಿಗೆಯನ್ನು ಕಾರಿನ ಆಯುಸ್ಸಿಗೆಲ್ಲ ಸೇರಿಸಿ ತೆಗೆದುಕೊಂಡಿದೆ. ಮೂರು ವರ್ಷಕ್ಕೆ ಕೈಬಿಟ್ಟರೆ ಉಳಿದ ವರ್ಷಗಳ ತೆರಿಗೆಯನ್ನು ಮುಂದಿನ ಮಾಲೀಕನಿಗೆ ಉಡುಗೊರೆ ಕೊಟ್ಟಂತೆ. ಕರ್ನಾಟಕದಲ್ಲಿ ಕಾರು ಕೊಳ್ಳುವವನು ಅದನ್ನು ಸವೆಸಿಯೇ ಬಿಡಬೇಕು ಎಂದು ನಾನು ಹೇಳುವುದು ಇದಕ್ಕೇ. ಎಂಟು ಹತ್ತು ವರ್ಷ ಒಂದೇ ಕಾರಿನಲ್ಲಿ ಓಡಾಡುವ ಜಾಯಮಾನದವರಾದರೆ ಲೀಸಿನ ಮಾತನ್ನು ಇಲ್ಲಿಗೇ ಬಿಡಬಹುದು. ಯಾವ ಲೀಸೂ ಆ 16 ಸಾವಿರದ ಹತ್ತಿರ ಬರಲಾರದು.

ಆದರೆ ಬೆಂಗಳೂರಿನಲ್ಲಿ ಎಲ್ಲರೂ ಹಾಗಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿದ್ದಾರೆ, ಎರಡು ವರ್ಷಕ್ಕೆ ಬಂದು ಹೋಗುವವರಿದ್ದಾರೆ. ಅವರ ಮುಂದೆ ಎರಡು ಬಗೆಯ ಲೀಸುಗಳಿವೆ. ಒಂದು, ಕೆಲಸ ಕೊಟ್ಟ ಕಂಪನಿಯ ಮೂಲಕ ಬರುವುದು. ಇನ್ನೊಂದು, ನೇರವಾಗಿ ನಮ್ಮ ಹೆಸರಲ್ಲೇ ತಿಂಗಳ ಚಂದಾ ಕಟ್ಟುವುದು, ಸಬ್‌ಸ್ಕ್ರಿಪ್ಷನ್ ಎನ್ನುತ್ತಾರೆ. ಕಾರು ತಯಾರಕರೇ ಇದಕ್ಕೆ ಇಳಿದದ್ದು ಇತ್ತೀಚೆಗೆ. ಮಾರುತಿ ಸುಜುಕಿ 2020ರಲ್ಲಿ ಬೆಂಗಳೂರು ಮತ್ತು ಗುರುಗ್ರಾಮದಲ್ಲಿ ಇದನ್ನು ಪ್ರಯೋಗವಾಗಿ ಶುರುಮಾಡಿತು.

ಕಂಪನಿ ಲೀಸಿನ ಜೀವಾಳ ಕಾರಲ್ಲ, ಆದಾಯ ತೆರಿಗೆ. ಅದು ನಡೆಯುವುದು ಹೀಗೆ. ಲೀಸಿಂಗ್ ಸಂಸ್ಥೆ ಕಾರು ಕೊಂಡು ನಿಮ್ಮ ಕಂಪನಿಗೆ ಬಾಡಿಗೆಗೆ ಕೊಡುತ್ತದೆ, ಕಂಪನಿ ನಿಮಗೆ ಓಡಿಸಲು ಕೊಡುತ್ತದೆ. ಬಾಡಿಗೆಯನ್ನು ನಿಮ್ಮ ಸಿಟಿಸಿಯಿಂದಲೇ ಮುರಿದುಕೊಳ್ಳುತ್ತಾರೆ, ಆದರೆ ತೆರಿಗೆ ಲೆಕ್ಕಕ್ಕೆ ಹೋಗುವ ಮುಂಚೆಯೇ. ಅಂದರೆ ಆ ಹಣ ನಿಮ್ಮ ಸಂಬಳವೇ ಅಲ್ಲ. ಅದರ ಬದಲಿಗೆ ‘ಕಂಪನಿ ಕಾರಿನ ಸೌಲಭ್ಯ’ ಎಂದು ಒಂದು ಸಣ್ಣ ಮೊತ್ತವನ್ನು ಸಂಬಳಕ್ಕೆ ಸೇರಿಸಿ ಅದಕ್ಕೆ ಮಾತ್ರ ತೆರಿಗೆ ಹಾಕುತ್ತಾರೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ, ಕಚೇರಿ ಕೆಲಸಕ್ಕೂ ಮನೆಗೂ ಬಳಸುವ ಕಾರಿನ ಖರ್ಚನ್ನೆಲ್ಲ ಕಂಪನಿ ನೋಡಿಕೊಂಡರೆ, ಈ ಮೊತ್ತ 1.6 ಲೀಟರ್ ಎಂಜಿನ್‌ವರೆಗೆ ತಿಂಗಳಿಗೆ 1,800, ಅದಕ್ಕೂ ದೊಡ್ಡದಕ್ಕೆ 2,400, ಡ್ರೈವರ್ ಇದ್ದರೆ ಮತ್ತೆ 900. ಬಹಳ ವರ್ಷ ಅಲುಗಾಡದೆ ಇದ್ದ ಅಂಕಿಗಳಿವು. ಕಂಪನಿ ಲೀಸ್ ಜನಪ್ರಿಯವಾದದ್ದೇ ಇವುಗಳ ದೆಸೆಯಿಂದ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಕಾಯ್ದೆಯ ಜೊತೆ ನಿಯಮಗಳೂ ಬದಲಾಗುವುದರಿಂದ ಹಳೆಯ ಸ್ನೇಹಿತ ಹೇಳಿದ 1,800ನ್ನು ನಂಬಿಕೊಂಡು ಸಹಿ ಹಾಕಬೇಡಿ. ನಿಮ್ಮ ಪೇರೋಲ್‌ನವರಿಂದ ಈ ವರ್ಷದ ಅಂಕಿಯನ್ನು ಇಮೇಲಿನಲ್ಲೇ ತರಿಸಿಕೊಳ್ಳಿ. ಇನ್ನೊಂದು ಮಾತು: ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಗಳೆಲ್ಲ ಹೋದವು ಎಂದುಕೊಂಡು ಇದನ್ನೂ ಕೈಬಿಟ್ಟವರಿದ್ದಾರೆ. ಇದು ವಿನಾಯಿತಿಯಲ್ಲ, ಸೌಲಭ್ಯಕ್ಕೆ ಬೆಲೆ ಕಟ್ಟುವ ವಿಧಾನ. ಹಾಗಾಗಿ ಹೊಸ ಪದ್ಧತಿಯಲ್ಲೂ ನಡೆಯುತ್ತದೆ.

ಅದೇ 12 ಲಕ್ಷದ ಕಾರು, ನಾಲ್ಕು ವರ್ಷದ ಲೀಸು, ವಿಮೆ, ಸರ್ವೀಸ್, ಜಿಎಸ್‌ಟಿ ಎಲ್ಲ ಸೇರಿ ತಿಂಗಳಿಗೆ 38 ಸಾವಿರ ಎಂದಿಟ್ಟುಕೊಳ್ಳಿ. ಅಳಿಯನ ಸಂಬಳ 24 ಲಕ್ಷದ ಮೇಲಿದೆ, ಶೇ 30ರ ಸ್ತರ, ಸೆಸ್ ಸೇರಿ ಶೇ 31.2. ತೆರಿಗೆಯಲ್ಲಿ ಉಳಿಯುವುದು ಸುಮಾರು 11,850. ಸೌಲಭ್ಯದ ಮೌಲ್ಯವನ್ನು ಧಾರಾಳವಾಗಿ 5 ಸಾವಿರ ಎಂದೇ ಹಿಡಿದರೆ ಅದಕ್ಕೆ 1,560 ತೆರಿಗೆ. ಕೊನೆಗೆ ಅವನ ಕೈಯಿಂದ ಹೋಗುವುದು 27,700. ಪೆಟ್ರೋಲ್ ಬಿಲ್ಲನ್ನೂ ಕಂಪನಿಯ ಮೂಲಕವೇ ಹಾಕಿಸಿಕೊಂಡರೆ, 8 ಸಾವಿರದ ಪೆಟ್ರೋಲಿಗೆ ಮತ್ತೆ ಎರಡೂವರೆ ಸಾವಿರ ತೆರಿಗೆ ಉಳಿಕೆ. ಅಲ್ಲಿಗೆ 25,200.

ಕೊಂಡು ನಾಲ್ಕು ವರ್ಷಕ್ಕೆ ಮಾರುವ ದಾರಿಯಲ್ಲಿ 23,600 ಬಂದಿತ್ತಲ್ಲ. ಅದಕ್ಕೆ, ಡೌನ್ ಪೇಮೆಂಟಿನ 5 ಲಕ್ಷ ಬ್ಯಾಂಕಿನಲ್ಲೇ ಇದ್ದಿದ್ದರೆ ಬರುತ್ತಿದ್ದ ಬಡ್ಡಿ, ತೆರಿಗೆ ಕಳೆದು ತಿಂಗಳಿಗೆ 2 ಸಾವಿರ ಸೇರಿಸಿ. 25,600. ತಕ್ಕಡಿಯ ಎರಡೂ ತಟ್ಟೆ ಸಮ! ಇಷ್ಟು ಅಬ್ಬರದ ಲೀಸ್ ಜಾಹೀರಾತು, ಎಚ್‌ಆರ್‌ನವರ ಪವರ್‌ಪಾಯಿಂಟು, ಎಲ್ಲ ಮುಗಿದ ಮೇಲೆ 400 ರೂಪಾಯಿ ವ್ಯತ್ಯಾಸ. ಅದೂ ಶೇ 30ರ ಸ್ತರದವನಿಗೆ. ಶೇ 20ರ ಸ್ತರದಲ್ಲಿರುವವನಿಗೆ ಇದೇ ಲೀಸು ತಿಂಗಳಿಗೆ ಸುಮಾರು ನಾಲ್ಕು ಸಾವಿರ ಹೆಚ್ಚೇ ಬೀಳುತ್ತದೆ. ಸಬ್‌ಸ್ಕ್ರಿಪ್ಷನ್‌ಗೆ ಈ ತೆರಿಗೆ ಉಳಿಕೆಯೇ ಇಲ್ಲವಾದ್ದರಿಂದ ಅವರು ಕೇಳಿದಷ್ಟೂ ಕೈಯಿಂದಲೇ ಹೋಗುತ್ತದೆ.

ಲೀಸು ಇಷ್ಟು ದುಬಾರಿಯಾಗುವುದಕ್ಕೆ ಒಂದು ಕಾರಣ ಜಿಎಸ್‌ಟಿ, ಅದನ್ನು ಮಾರುವವರು ಬಿಡಿಸಿ ಹೇಳುವುದಿಲ್ಲ. ಕಾರಿಗೆ ಯಾವ ದರವೋ ಅದರ ಬಾಡಿಗೆಗೂ ಅದೇ ದರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18. ಸಣ್ಣದು ಅಂದರೆ ನಾಲ್ಕು ಮೀಟರ್ ಉದ್ದದೊಳಗೆ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ಒಳಗೆ. ಉಳಿದವಕ್ಕೆ ಶೇ 40, ಎಲೆಕ್ಟ್ರಿಕ್‌ಗೆ ಶೇ 5. ಕೊಂಡವನು ಕಾರಿನ ಬೆಲೆಯ ಮೇಲೆ ಒಮ್ಮೆ ಜಿಎಸ್‌ಟಿ ಕಟ್ಟಿ ಕೈತೊಳೆದುಕೊಳ್ಳುತ್ತಾನೆ, ಅವನ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಲೀಸಿನ ಬಾಡಿಗೆಯೊಳಗೆ ಬಡ್ಡಿಯೂ ಅಡಗಿದೆ, ರಸ್ತೆ ತೆರಿಗೆಯ ಪಾಲೂ ಅಡಗಿದೆ, ಆ ಸಂಸ್ಥೆಯ ಲಾಭವೂ ಅಡಗಿದೆ. ಜಿಎಸ್‌ಟಿ ಬೀಳುವುದು ಅಷ್ಟರ ಮೇಲೂ. ಶೇ 40ರ ದೊಡ್ಡ ಎಸ್‌ಯುವಿಯನ್ನು ಲೀಸಿಗೆ ತೆಗೆದುಕೊಂಡವನು ತೆರಿಗೆಗೂ ತೆರಿಗೆ ಕಟ್ಟುತ್ತಿರುತ್ತಾನೆ. ಇದೇ ಕಾರಣಕ್ಕೆ ಎಲೆಕ್ಟ್ರಿಕ್ ಕಾರಿನ ಲೀಸು ಅಷ್ಟು ಹೊರೆಯಲ್ಲ.

ಎಲೆಕ್ಟ್ರಿಕ್ ಕಾರಿಗೆ ಲೀಸು ಹೊಂದುವುದಕ್ಕೆ ಇನ್ನೂ ಬಲವಾದ ಕಾರಣವಿದೆ. ಐದು ವರ್ಷದ ಹಳೆಯ ಪೆಟ್ರೋಲ್ ಕಾರಿನ ಬೆಲೆಯನ್ನು ನಮ್ಮ ಬೀದಿಯ ಮೆಕ್ಯಾನಿಕ್ ಬಾನೆಟ್ ಎತ್ತದೆಯೇ ಹೇಳಿಬಿಡುತ್ತಾನೆ. ಐದು ವರ್ಷದ ಎಲೆಕ್ಟ್ರಿಕ್ ಕಾರಿನ ಬೆಲೆ ಅದರ ಬ್ಯಾಟರಿಯಲ್ಲಿದೆ, ಮತ್ತು ಅದು ಹೊರಗಿನಿಂದ ಕಾಣುವುದಿಲ್ಲ. ಹೊಸ ಮಾಡೆಲ್ ಹೆಚ್ಚು ದೂರ ಓಡುತ್ತದೆ, ಕಡಿಮೆ ಬೆಲೆಗೂ ಬರುತ್ತದೆ. ಹಳೆಯದನ್ನು ಯಾರು ಕೇಳುತ್ತಾರೆ ಎಂಬ ಅಳುಕು ನ್ಯಾಯವಾದದ್ದೇ. ಆ ಅಳುಕನ್ನು ಬೇರೆಯವರ ತಲೆಗೆ ಕಟ್ಟಲು ಸ್ವಲ್ಪ ದುಡ್ಡು ಹೆಚ್ಚು ಹೋದರೂ ಅಡ್ಡಿಯಿಲ್ಲ ಎನ್ನಿಸಿದರೆ, ಲೀಸು ಬುದ್ಧಿವಂತಿಕೆಯೇ.

ಅರ್ಧ ಕೊಂಡು ಅರ್ಧ ಬಾಡಿಗೆ ಎಂಬ ಮೂರನೆಯ ದಾರಿಯೂ ಬಂದಿದೆ. ಎಂಜಿ ಕಂಪನಿ 2024ರ ಸೆಪ್ಟೆಂಬರಿನಲ್ಲಿ ವಿಂಡ್ಸರ್ ಕಾರನ್ನು ಬಿಡುಗಡೆ ಮಾಡಿದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ ಎಂದು ಪ್ರಕಟಿಸಿತು. ಬ್ಯಾಟರಿ ಸಮೇತ ಕೊಳ್ಳುವುದಾದರೆ ಆಗಿನ ಆರಂಭಿಕ ಬೆಲೆ ಹದಿಮೂರೂವರೆ ಲಕ್ಷ. ವ್ಯತ್ಯಾಸ ಮೂರೂವರೆ ಲಕ್ಷ. ಅದನ್ನು ಮೂರೂವರೆ ರೂಪಾಯಿಯಿಂದ ಭಾಗಿಸಿ, ಒಂದು ಲಕ್ಷ ಕಿಲೋಮೀಟರ್. ವರ್ಷಕ್ಕೆ 10 ಸಾವಿರ ಓಡಿಸುವವನಿಗೆ ಬಡ್ಡಿ ಬಿಟ್ಟು ಲೆಕ್ಕ ಹಾಕಿದರೂ ಹತ್ತು ವರ್ಷ ಬೇಕು. ಹುಬ್ಬಳ್ಳಿ–ಬೆಂಗಳೂರು ತಿರುಗುತ್ತಾ ವರ್ಷಕ್ಕೆ 30 ಸಾವಿರ ಓಡಿಸುವವನು ಮೂರು ಚಿಲ್ಲರೆ ವರ್ಷದಲ್ಲೇ ಬ್ಯಾಟರಿಯ ಬೆಲೆ ಕಟ್ಟಿ ಮುಗಿಸಿ, ಆಮೇಲೂ ಕಟ್ಟುತ್ತಿರುತ್ತಾನೆ. ಇಂಥ ಯೋಜನೆಗೆ ಸೇರುವ ಮುನ್ನ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಬಾಡಿಗೆ ಕಟ್ಟಲೇಬೇಕು ಎಂಬ ಷರತ್ತು ಇದೆಯೇ ನೋಡಿ. ಕಾರು ಮನೆಯಲ್ಲೇ ನಿಂತಿದ್ದರೂ ಮೀಟರ್ ಓಡುತ್ತಿರಬಾರದು.

ಅಮೆರಿಕದಲ್ಲಿ ಎಲ್ಲರೂ ಲೀಸಿಗೇ ತಗೋತಾರಲ್ಲ ಎಂಬ ವಾದವನ್ನು ಅಳಿಯ ಮುಂದಿಟ್ಟ. ಎಲ್ಲರೂ ಅಲ್ಲ, ಆದರೆ ಅಲ್ಲಿ ಅದು ಮಾಮೂಲಿ, ನಿಜ. ಅಲ್ಲಿಯ ನೆಲವೇ ಬೇರೆ. ಹದಿನೈದು ವರ್ಷದ ರಸ್ತೆ ತೆರಿಗೆಯನ್ನು ಮೊದಲ ದಿನವೇ ವಸೂಲು ಮಾಡುವ ಪದ್ಧತಿ ಅಲ್ಲಿಲ್ಲ. ಎಷ್ಟೋ ರಾಜ್ಯಗಳಲ್ಲಿ ಮಾರಾಟ ತೆರಿಗೆಯೂ ತಿಂಗಳ ಬಾಡಿಗೆಯಷ್ಟರ ಮೇಲೆಯೇ ಬೀಳುತ್ತದೆ. ವರ್ಷಕ್ಕೆ 10, 12 ಇಲ್ಲವೇ 15 ಸಾವಿರ ಮೈಲಿಯ ಮಿತಿ ಹಾಕಿ, ಮೂರು ವರ್ಷದ ನಂತರ ಕಾರಿನ ಬೆಲೆ ಇಷ್ಟು ಉಳಿಯುತ್ತದೆ ಎಂದು ಕರಾರಿನಲ್ಲೇ ಬರೆದುಬಿಡುತ್ತಾರೆ. ಅಲ್ಲಿ ಈಗಷ್ಟೇ ಹೋಗಿ ಲೀಸಿಗೆ ಕೈಹಾಕುವ ನಮ್ಮ ಹುಡುಗರಿಗೆ ಒಂದು ಗುಟ್ಟು: ಲೀಸಿನ ಮಾತುಕತೆಯಲ್ಲಿ ಬಡ್ಡಿ ದರ ಎನ್ನುವುದಿಲ್ಲ, ‘ಮನಿ ಫ್ಯಾಕ್ಟರ್’ ಎಂದು 0.0025 ಥರದ ಪುಟ್ಟ ಸಂಖ್ಯೆ ಹೇಳುತ್ತಾರೆ. ಅದನ್ನು 2,400ರಿಂದ ಗುಣಿಸಿ, ಶೇ 6 ಎಂದು ನಿಜವಾದ ಬಡ್ಡಿ ಹೊರಬರುತ್ತದೆ. ವೀಸಾ ನೆಚ್ಚಿಕೊಂಡು ಮೂರು ವರ್ಷಕ್ಕೆಂದು ಹೋದವನಿಗೆ ಅಲ್ಲಿ ಲೀಸು ಅನುಕೂಲವೂ ಹೌದು, ಕರಾರು ಮುಗಿಯುವ ಮುಂಚೆ ಊರಿಗೆ ಮರಳಬೇಕಾಗಿ ಬಂದರೆ ಉರುಳೂ ಹೌದು.

ಉರುಳು ಎಂದೆ. ನಮ್ಮಲ್ಲಿ ಕಂಪನಿ ಲೀಸಿನ ದೊಡ್ಡ ಅಪಾಯವೂ ಅದೇ. ನಾಲ್ಕು ವರ್ಷದ ಲೀಸಿಗೆ ಸಹಿ ಹಾಕುವ ಹುಡುಗ ನಾಲ್ಕು ವರ್ಷ ಅದೇ ಕಂಪನಿಯಲ್ಲಿ ಇರುತ್ತಾನೆಯೇ? ಇವನು ಕಳೆದ ಆರು ವರ್ಷದಲ್ಲಿ ಮೂರು ಐಡಿ ಕಾರ್ಡ್ ನೇತುಹಾಕಿಕೊಂಡಿದ್ದಾನೆ. ಕೆಲಸ ಬಿಟ್ಟ ದಿನ ಮೂರು ದಾರಿ: ಹೊಸ ಕಂಪನಿ ಅದೇ ಲೀಸಿಂಗ್ ಸಂಸ್ಥೆಯ ಜೊತೆ ಒಪ್ಪಂದ ಇಟ್ಟುಕೊಂಡಿದ್ದರೆ ಲೀಸನ್ನು ಅಲ್ಲಿಗೆ ಸಾಗಿಸುವುದು, ಉಳಿದ ಮೊತ್ತ ಕಟ್ಟಿ ಕಾರನ್ನು ತನ್ನದಾಗಿಸಿಕೊಳ್ಳುವುದು, ಇಲ್ಲವೇ ದಂಡ ತೆತ್ತು ಕಾರನ್ನು ಬಿಟ್ಟುಬಿಡುವುದು. ಕೆಲಸ ತಾನಾಗಿ ಬಿಡುವುದಿರಲಿ, ಅವರೇ ತೆಗೆದರೂ ಕರಾರು ಬದಲಾಗುವುದಿಲ್ಲ. ಸಂಬಳ ನಿಂತ ತಿಂಗಳೇ ಲಕ್ಷಗಟ್ಟಲೆ ಕಟ್ಟಬೇಕಾದ ಕಾಗದ ಮನೆಗೆ ಬಂದರೆ ಹೇಗಿರುತ್ತದೆ, ಯೋಚಿಸಿ. ಇದಕ್ಕೆ ಹೋಲಿಸಿದರೆ ಬ್ಯಾಂಕ್ ಸಾಲ ಸಾಧು. ಕೆಲಸ ಬದಲಾದರೂ ಅದಕ್ಕೆ ಕಂತು ಬಂದರೆ ಸಾಕು.

ಕರಾರಿನಲ್ಲಿ ನಾನು ಮೊದಲು ತಿರುಗಿಸಿ ನೋಡುವುದು ‘ಅವಧಿಗೆ ಮುನ್ನ ಮುಕ್ತಾಯ’ ಎಂಬ ಪುಟವನ್ನು. ಒಂದನೆಯ ವರ್ಷ, ಎರಡನೆಯ ವರ್ಷ ಬಿಟ್ಟರೆ ಎಷ್ಟು ಎಂದು ರೂಪಾಯಿಯಲ್ಲೇ ಬರೆಸಿಕೊಳ್ಳಬೇಕು. ಆಮೇಲೆ ಉಳಿಕೆ ಮೌಲ್ಯ, ಅಂದರೆ ಲೀಸ್ ಮುಗಿದಾಗ ಕಾರನ್ನು ನಮಗೇ ಕೊಡುವ ಬೆಲೆ. ಇದೇ ಕಂಪನಿ ಲೀಸಿನ ಒಳಮರ್ಮ. ಆ ಬೆಲೆ ಮಾರುಕಟ್ಟೆಗಿಂತ ಕಡಿಮೆ ಇದ್ದರೆ, ನಾಲ್ಕು ವರ್ಷ ತೆರಿಗೆ ಉಳಿಸಿಕೊಂಡು ಕೊನೆಗೆ ಅಗ್ಗದಲ್ಲಿ ಕಾರನ್ನೂ ಪಡೆದಂತೆ. ಆಗ ಮೇಲಿನ ತಕ್ಕಡಿ ಲೀಸಿನ ಕಡೆಗೆ ವಾಲುತ್ತದೆ. ಆದರೆ ಅದು ಬಾಯಿಮಾತಾಗಿದ್ದರೆ ಪ್ರಯೋಜನವಿಲ್ಲ, ಕರಾರಿನಲ್ಲಿ ಇರಬೇಕು. ಆ ಬೆಲೆಯ ಮೇಲೆ ಜಿಎಸ್‌ಟಿ, ಹೆಸರು ವರ್ಗಾವಣೆಯ ಖರ್ಚು ಯಾರದ್ದು ಎಂಬುದೂ ಇರಬೇಕು.

ಚಂದಾ ಕಾರಿನ ಅನುಭವ ನನ್ನದೇ ಒಂದಿದೆ. ಮಗಳ ಮದುವೆಯ ವರ್ಷ ಹನ್ನೆರಡು ತಿಂಗಳಿಗೆಂದು ಒಂದು ಕಾರು ತಂದಿದ್ದೆವು. ಸಂಸ್ಥೆಯ ಹೆಸರು ಬೇಡ. ಹಿಂದಿರುಗಿಸುವ ದಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಬ್ಬ ಹುಡುಗ ಬಂದ. ಕಾರಿನ ಸುತ್ತ ಮೊದಲು ಒಂದು ಪ್ರದಕ್ಷಿಣೆ. ಆಮೇಲೆ ಮೊಬೈಲ್ ಟಾರ್ಚನ್ನು ಬಾಗಿಲಿಗೆ ಒರಗಿಸಿದಂತೆ ಹಿಡಿದು ಬೆಳಕನ್ನು ಅಡ್ಡಡ್ಡ ಹಾಯಿಸಿದ. ನೇರ ಬೆಳಕಿಗೆ ಕಾಣದ ತಗ್ಗು ಅಡ್ಡ ಬೆಳಕಿಗೆ ನೀರಿನ ಅಲೆಯ ಹಾಗೆ ಎದ್ದು ಕಾಣುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಮುಂದಿನ ಬಂಪರಿನ ಕೆಳತುಟಿಯ ಮೇಲೆ ಬೆರಳು ಆಡಿಸಿ ನಮ್ಮ ರಸ್ತೆಯ ಹಂಪುಗಳ ಲೆಕ್ಕ ಹಿಡಿದ. ಸ್ಟೆಪ್ನಿ, ಜಾಕಿ, ಎರಡನೇ ಕೀ. ಜಾಕಿಯ ಹಿಡಿ ಇರಲಿಲ್ಲ. ಅದು ಬಂದಾಗಲೇ ಇರಲಿಲ್ಲ ಎಂದರೆ, ‘ತಗೊಳ್ಳುವಾಗ ಫೋಟೋ ಹೊಡ್ಕೊಂಡಿದೀರಾ ಅಂಕಲ್?’ ಎಂದ. ಹೊಡೆದುಕೊಂಡಿರಲಿಲ್ಲ. ಡೆಪಾಸಿಟಿನಲ್ಲಿ 14 ಸಾವಿರ ಹೋಯಿತು. ಕಾರು ಮನೆಗೆ ಬಂದ ದಿನ ಪೂಜೆಗೆ ಮುಂಚೆ ಡಿಕ್ಕಿ ತೆಗೆದು ಇಪ್ಪತ್ತು ಫೋಟೋ ಹೊಡೆಯಿರಿ, ಮೀಟರಿನದ್ದೂ ಸೇರಿ.

ಹೊರರಾಜ್ಯದ ನಂಬರ್ ಪ್ಲೇಟಿನ ಚಂದಾ ಕಾರು ಕೊಟ್ಟರೆ ಒಂದು ಪ್ರಶ್ನೆ ಕೇಳಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನೋಂದಾಯಿಸಬೇಕು. ಆರ್‌ಟಿಒದವರು ರಸ್ತೆಯಲ್ಲಿ ತಡೆದಾಗ ಸ್ಟಿಯರಿಂಗ್ ಹಿಡಿದು ಕೂತಿರುವವರು ನೀವು. ತೆರಿಗೆ ಯಾರು ಕಟ್ಟುತ್ತಾರೆಂದು ಮೊದಲೇ ಬರಹದಲ್ಲಿರಲಿ.

ಸಂಬಳದವರ ಕಥೆ ಇಷ್ಟಾಯಿತು. ಸ್ವಂತ ಉದ್ಯೋಗದವರಿಗೆ, ಡಾಕ್ಟರು, ಕಂಟ್ರಾಕ್ಟರು, ಅಂಗಡಿಯವರಿಗೆ, ಲೆಕ್ಕ ಬೇರೆ. ಕೊಂಡ ಕಾರಿಗೆ ವರ್ಷಕ್ಕೆ ಶೇ 15 ಸವಕಳಿಯನ್ನೂ ಸಾಲದ ಬಡ್ಡಿಯನ್ನೂ ವ್ಯವಹಾರದ ಖರ್ಚಿಗೆ ಹಾಕಬಹುದು, ಲೀಸಾದರೆ ಬಾಡಿಗೆಯನ್ನೇ. ಮನೆ ಬಳಕೆಯ ಪಾಲನ್ನು ಎರಡರಲ್ಲೂ ಬಿಡಬೇಕು. ಜಿಎಸ್‌ಟಿ ವಾಪಸ್ ಪಡೆಯುವ ಆಸೆ ಮಾತ್ರ ಬೇಡ, ಸಾಮಾನ್ಯ ವ್ಯಾಪಾರಿಗೆ ಕಾರಿನ ಮೇಲೆ ಅದು ಸಿಗುವುದಿಲ್ಲ. ಇನ್ನು ವಹಿವಾಟಿನ ಶೇ 8 ಇಲ್ಲವೇ ಶೇ 6 ಲಾಭ ಎಂದು ಅಂದಾಜಿನಲ್ಲೇ ರಿಟರ್ನ್ಸ್ ಹಾಕುವ ಅಂಗಡಿಯವರಿಗೆ ‘ಲೀಸ್ ಮಾಡಿ, ಟ್ಯಾಕ್ಸ್ ಉಳಿಯುತ್ತೆ’ ಎಂದು ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳಿಸಿಕೊಡಿ. ಅವರ ಖರ್ಚುಗಳೆಲ್ಲ ಆ ಅಂದಾಜಿನೊಳಗೇ ಮುಳುಗಿಹೋಗಿವೆ, ಹೊಸದಾಗಿ ಉಳಿಯುವುದೇನೂ ಇಲ್ಲ.

ಅಳಿಯ ಕೊನೆಗೆ ಲೀಸು ಬಿಟ್ಟ. ಲೆಕ್ಕದಲ್ಲಿ ಸಮಸಮ ಬಂದದ್ದನ್ನು ಬೀಳಿಸಿದ್ದು ಕೆಲಸ ಬದಲಿಸುವ ಅವನ ಚಾಳಿ. 12 ಲಕ್ಷದ ಕಾರನ್ನೂ ಬಿಟ್ಟ. ಎಕ್ಸ್‌ಶೋರೂಮ್ 10 ಲಕ್ಷದೊಳಗಿನ ವೇರಿಯಂಟಿಗೆ ಇಳಿದರೆ ರಸ್ತೆ ತೆರಿಗೆ ಶೇ 17ರಿಂದ 14ಕ್ಕೆ ಇಳಿಯುತ್ತದೆ, ಟಿಸಿಎಸ್ಸೂ ಇಲ್ಲ. ಸನ್‌ರೂಫ್ ಒಂದು ಹೋಯಿತು ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಡೀಲರಿನ ಬಿಲ್ಲಿನಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ ಎಂದು ನುಸುಳಿದ್ದ ಸಾಲನ್ನು ಕೇಳಿ ತೆಗೆಸಿದ. ವಿಮೆಯನ್ನು ಹೊರಗಿನಿಂದ ಮಾಡಿಸುತ್ತೇನೆ ಎಂದ ಕೂಡಲೇ ಡೀಲರೇ ತನ್ನ ವಿಮೆಯ ದರ ಇಳಿಸಿದ.

ಕಾರು ಹಾಸನಕ್ಕೆ ಹೋದ ದಿನ ನಾನೂ ಜೊತೆಗಿದ್ದೆ. ಅಕ್ಕ ನಿಂಬೆಹಣ್ಣು ಇಟ್ಟು ಮುಗಿಸುವಷ್ಟರಲ್ಲಿ ಭಾವ ಕನ್ನಡಕ ಏರಿಸಿಕೊಂಡು ಮಗನ ಕೈಯಿಂದ ಆರ್‌ಸಿ ಕಾರ್ಡ್ ಇಸಿದುಕೊಂಡರು. ಹಿಂದೆ ಮುಂದೆ ತಿರುಗಿಸಿ ಓದಿದರು. ಸಾಲದ ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ನಮೂದಾಗಿರುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಂದು ಆರ್‌ಟಿಒದಲ್ಲಿ ಅದನ್ನು ತೆಗೆಸಬೇಕು. ತಾನಾಗಿ ಹೋಗುವುದಿಲ್ಲ. ನನ್ನ ಹಳೆಯ ಕಾರಿನಲ್ಲಿ ಸಾಲ ಮುಗಿದು ನಾಲ್ಕು ವರ್ಷವಾದರೂ ಹಾಗೇ ಇತ್ತು, ಮಾರಲು ಹೋದಾಗ ಗೊತ್ತಾಗಿ ಬ್ಯಾಂಕಿಗೆ ಮೂರು ಸಲ ಅಲೆದಿದ್ದೆ.

ಭಾವ ಕಾರ್ಡನ್ನು ಮಗನಿಗೆ ವಾಪಸ್ ಕೊಟ್ಟು, ‘ಇದ್ರಲ್ಲೂ ಬ್ಯಾಂಕ್‌ನೋರ ಹೆಸ್ರೈತಲ್ಲೋ ಮಗ, ಮತ್ತೆ ಕಾರು ಯಾರ್ದು?’ ಎಂದರು.

‘ಐದು ವರ್ಷ ಅವರ್ದೂ ಹೌದಪ್ಪ’ ಎಂದ ಅಳಿಯ, ಕೀಯನ್ನು ಅವರ ಕೈಗೆ ಕೊಡುತ್ತಾ.